ಬೇಕಿಂಗ್ ಹೊಸದಾಗಿ ಶುರು ಮಾಡಿದ್ದೇನೆ, ಎರಡು ಸಲವೂ ಕೇಕ್ ನಡುವೆ ಕುಸಿಯಿತು. ಎಲ್ಲಿಂದ ಕಲಿಯಬೇಕು, ಏನೇನು ಕೊಳ್ಳಬೇಕು?

ನಿಮ್ಮ ಪ್ರಶ್ನೆ ಓದುವಾಗ ನನ್ನ ಮೊದಲ ವರ್ಷ ಕಣ್ಣ ಮುಂದೆ ಬಂತು. ಮನೆಗೆ ಚಿಕ್ಕ ಓವನ್ ಬಂದಿದೆ, ವಿಡಿಯೋ ನೋಡಿಕೊಂಡು ಎರಡು ಬೇರೆ ಬೇರೆ ಕೇಕ್ ಮಾಡಿದ್ದೀರಿ, ಎರಡಕ್ಕೂ ನಡುವೆ ಗುಳಿ ಬಿದ್ದಿದೆ. ಇನ್ನು ಏನೇನು ಸಾಮಾನು ಕೊಳ್ಳಬೇಕು ಅಂತ ಬೇರೆ ಕೇಳಿದ್ದೀರಿ. ನಾನು ಯಾವ ತರಗತಿಗೂ ಹೋದವಳಲ್ಲ, ಮನೆಯಲ್ಲೇ ಮಾಡಿ ಮಾಡಿ ಕಲಿತವಳು. ಎಂಟು ವರ್ಷದಿಂದ ಹೆಚ್ಚುಕಡಿಮೆ ವಾರಕ್ಕೊಮ್ಮೆ ಓವನ್ ಹಚ್ಚುತ್ತೇನೆ. ಅಷ್ಟರಲ್ಲಿ ನನಗೆ ಗೊತ್ತಾದದ್ದನ್ನು ಹೇಳುತ್ತೇನೆ.

ಮೂರನೇ ಸಲ ಮೂರನೇ ಕೇಕ್ ಮಾಡಬೇಡಿ. ಒಂದು ಸರಳ ಕೇಕ್ ಆರಿಸಿಕೊಂಡು ಅದನ್ನೇ ನಾಲ್ಕು ಸಲ ಮಾಡಿ. ಒಲೆಯ ಮೇಲಿನ ಅಡುಗೆಯಲ್ಲಿ ಉಪ್ಪು ಕಡಿಮೆಯಾದರೆ ಆಮೇಲೆ ಹಾಕಬಹುದು, ನೀರು ಜಾಸ್ತಿಯಾದರೆ ಇನ್ನಷ್ಟು ಕುದಿಸಬಹುದು. ಓವನ್ ಬಾಗಿಲು ಮುಚ್ಚಿದ ಮೇಲೆ ನಮ್ಮ ಕೈಯಲ್ಲಿ ಏನೂ ಇಲ್ಲ. ಎಲ್ಲಿ ತಪ್ಪಿತು ಅಂತ ತಿಳಿಯಬೇಕಾದರೆ ಹೋದ ಸಲದ್ದನ್ನೂ ಈ ಸಲದ್ದನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಪ್ರತಿ ಸಲ ಹೊಸ ರೆಸಿಪಿ ಹಿಡಿದರೆ ಹೋಲಿಸುವುದಕ್ಕೆ ಏನು ಉಳಿಯುತ್ತೆ?

ಕುಸಿದದ್ದು ಯಾಕೆ ಅನ್ನೋದಕ್ಕೆ ಬರುತ್ತೇನೆ. ಕೇಕ್ ಉಬ್ಬುವುದು ಒಳಗಿನ ಗಾಳಿ ಗುಳ್ಳೆಗಳಿಂದ. ಬಿಸಿಗೆ ಗುಳ್ಳೆಗಳು ಹಿಗ್ಗುತ್ತವೆ. ಅದೇ ಹೊತ್ತಿಗೆ ಸುತ್ತಲಿನ ಮೊಟ್ಟೆ ಗಟ್ಟಿಯಾಗಬೇಕು, ಮೈದಾ ನೀರು ಹೀರಿಕೊಂಡು ಬೆಂದು ನಿಲ್ಲಬೇಕು. ಗೋಡೆ ಗಟ್ಟಿಯಾಗುವ ಮೊದಲೇ ಗುಳ್ಳೆ ಒಡೆದರೆ ಮೇಲಿನ ಭಾಗ ಕೆಳಗೆ ಕೂರುತ್ತೆ. ಕೊನೆಗೆ ಬೇಯುವುದು ನಡುಭಾಗ, ಅದಕ್ಕೇ ಗುಳಿಯೂ ಅಲ್ಲೇ. ಹೀಗಾಗಲು ಸಾಮಾನ್ಯವಾಗಿ ಮೂರು ಕಾರಣ: ನಡುಭಾಗ ಬೇಯುವ ಮುಂಚೆ ಹೊರಗೆ ತೆಗೆದದ್ದು, ಬೇಕಿಂಗ್ ಪೌಡರ್ ಜಾಸ್ತಿ ಬಿದ್ದದ್ದು, ಮೊದಲ ಅರ್ಧದಲ್ಲಿ ಬಾಗಿಲು ತೆಗೆದು ನೋಡಿದ್ದು.

ಯಾವುದು ಅಂತ ಕೇಕೇ ಹೇಳುತ್ತೆ. ಸರಿಯಾಗಿ ಗುಳಿಯ ಮೇಲೆ ಕತ್ತರಿಸಿ ನೋಡಿ. ಅಲ್ಲಿ ಒದ್ದೆಯಾಗಿ, ಅಂಟಂಟಾಗಿ, ಒಂದು ದಟ್ಟ ಪಟ್ಟಿಯ ಹಾಗಿದ್ದರೆ ಬೆಂದಿಲ್ಲ. ಚೆನ್ನಾಗಿ ಬೆಂದಿದೆ, ಆದರೆ ದೊಡ್ಡ ದೊಡ್ಡ ತೂತುಗಳಿವೆ, ತಿಂದ ಮೇಲೆ ನಾಲಿಗೆಗೆ ಸೋಪಿನಂಥ ಅಥವಾ ಕಹಿ ರುಚಿ ಉಳಿಯುತ್ತೆ ಅಂದರೆ ಬೇಕಿಂಗ್ ಪೌಡರ್ ಅಥವಾ ಸೋಡಾ ಜಾಸ್ತಿಯಾಗಿದೆ.

ನನಗೆ ಇದನ್ನು ಹೇಳಿಕೊಡುವವರು ಯಾರೂ ಇರಲಿಲ್ಲ. ಮೊದಲ ಕೇಕ್ ಕುಸಿದಾಗ ಬೇಕಿಂಗ್ ಪೌಡರ್ ಸಾಲಲಿಲ್ಲ ಅಂದುಕೊಂಡೆ. ಮುಂದಿನ ಸಲ ಅರ್ಧ ಚಮಚ ಜಾಸ್ತಿ ಹಾಕಿದೆ. ಇನ್ನೂ ಆಳಕ್ಕೆ ಕುಸಿಯಿತು. ಅದರ ಮುಂದಿನ ಸಲ ಮತ್ತೂ ಸ್ವಲ್ಪ ಹಾಕಿದೆ. ಹೀಗೆ ಐದು ಕೇಕ್ ಹೋಯಿತು, ಬೇಸರದಿಂದ ಓವನ್ನೇ ಮುಚ್ಚಿಟ್ಟಿದ್ದೆ. ಆಗ ಒಬ್ಬ ಸ್ನೇಹಿತೆ ತನ್ನ ಓವನ್ ಥರ್ಮಾಮೀಟರ್ ಕೊಟ್ಟು, ಸುಮ್ನೆ ಒಳಗಿಟ್ಟು ನೋಡು ಅಂದಳು. ಗುಂಡಿ 180 ಡಿಗ್ರಿಗೆ ತಿರುಗಿಸಿ ಇಪ್ಪತ್ತು ನಿಮಿಷ ಕಾದೆ. ಗಾಜಿನ ಮೂಲಕ ಬಗ್ಗಿ ನೋಡಿದರೆ ಮುಳ್ಳು 155ರಲ್ಲಿ ನಿಂತಿತ್ತು. ಐದು ಕೇಕುಗಳ ಉತ್ತರ ಆ ಮುಳ್ಳಿನಲ್ಲಿತ್ತು. ರೆಸಿಪಿ ಸರಿ ಇತ್ತು, ಪೌಡರ್ ಸರಿ ಇತ್ತು, ಓವನ್ ಮಾತ್ರ ಇಪ್ಪತ್ತೈದು ಡಿಗ್ರಿ ಹಿಂದಿತ್ತು. ಗುಂಡಿಯನ್ನು 205ರ ಹತ್ತಿರ ತಿರುಗಿಸಿ, ಪೌಡರ್ ಮೊದಲಿನಷ್ಟೇ ಹಾಕಿ ಮಾಡಿದೆ. ಮೇಲ್ಭಾಗ ಹೊಂಬಣ್ಣಕ್ಕೆ ತಿರುಗಿ, ಸ್ವಲ್ಪವೇ ಉಬ್ಬಿ ನಿಂತಿತು. ಅವತ್ತಿನ ಸಂತೋಷ ಇವತ್ತಿಗೂ ನೆನಪಿದೆ.

ಆದ್ದರಿಂದ ಏನು ಕೊಳ್ಳಬೇಕು ಅನ್ನೋದಕ್ಕೆ ನನ್ನ ಉತ್ತರ ಚಿಕ್ಕದು. ಓವನ್ ಥರ್ಮಾಮೀಟರ್ ಒಂದು, ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಒಂದು. ಇವೆರಡೂ ಬೇಕೇ ಬೇಕು. ಏಳು ಇಂಚಿನ ದುಂಡನೆ ಟಿನ್, ಬಟರ್ ಪೇಪರ್, ಅಳತೆ ಚಮಚದ ಸೆಟ್, ರಬ್ಬರ್ ಸ್ಪ್ಯಾಚುಲಾ ಇದ್ದರೆ ಸಾಕು. ಎಲೆಕ್ಟ್ರಿಕ್ ಬೀಟರ್ ಇದ್ದರೆ ಕೈನೋವು ತಪ್ಪುತ್ತೆ, ಇಲ್ಲದಿದ್ದರೂ ನಡೆಯುತ್ತೆ. ಐಸಿಂಗ್ ನಳಿಗೆಗಳು, ತಿರುಗುವ ಸ್ಟ್ಯಾಂಡ್, ಹತ್ತು ಆಕಾರದ ಟಿನ್‌ಗಳು ಇವ್ಯಾವುವೂ ಈಗ ಬೇಡ. ಅಲಂಕಾರ ಆಮೇಲೆ ಬರಲಿ, ಮೊದಲು ಒಳಗಿನ ಕೇಕ್ ಸರಿಯಾಗಲಿ.

ತಕ್ಕಡಿ ಯಾಕೆ ಅಂತೀರಾ? ಒಂದೇ ಕಪ್ಪಿನಲ್ಲಿ ಮೂರು ಥರ ಮೈದಾ ತುಂಬಿಸಿ ತೂಗಿ ನೋಡಿದ್ದೇನೆ. ಚಮಚದಿಂದ ಹಗುರವಾಗಿ ಉದುರಿಸಿದಾಗ 122 ಗ್ರಾಂ ಬಂತು. ಡಬ್ಬಿಗೇ ಕಪ್ ಅದ್ದಿ ತೆಗೆದಾಗ 140 ಚಿಲ್ಲರೆ. ಅದನ್ನೇ ಕುಟ್ಟಿ ತುಂಬಿದಾಗ 150 ದಾಟಿತು. ಎರಡು ಕಪ್ ಮೈದಾ ಅಂತ ಬರೆದಿದ್ದರೆ ನಿಮಗೂ ರೆಸಿಪಿ ಬರೆದವರಿಗೂ ನಡುವೆ ಐವತ್ತು ಗ್ರಾಂ ವ್ಯತ್ಯಾಸ ಆಗಬಹುದು. ಅಷ್ಟು ಸಾಕು, ಮೆತ್ತಗಿನ ಕೇಕ್ ಒಣಗಿ ಗಟ್ಟಿಯಾಗುವುದಕ್ಕೆ.

ಈಗ ನಾಲ್ಕು ಸಲ ಮಾಡಬೇಕಾದ ಆ ಕೇಕ್. ಬೆಣ್ಣೆ, ಸಕ್ಕರೆ, ಮೈದಾ, ಮೊಟ್ಟೆ ನಾಲ್ಕೂ ಸಮತೂಕ. ಮೂರು ಮೊಟ್ಟೆ ಒಡೆದು ಸಿಪ್ಪೆ ಬಿಟ್ಟು ತೂಗಿದರೆ ಸುಮಾರು 150 ಗ್ರಾಂ ಬರುತ್ತೆ. ಹಾಗಾದರೆ ಉಪ್ಪಿಲ್ಲದ ಬೆಣ್ಣೆ 150, ಸಣ್ಣ ಕಾಳಿನ ಸಕ್ಕರೆ 150, ಮೈದಾ 150. ಬೇಕಿಂಗ್ ಪೌಡರ್ ಒಂದೂಕಾಲು ಟೀ ಚಮಚ, ತಲೆ ತಟ್ಟಿ ಮಟ್ಟ ಮಾಡಿದ್ದು. ಚಿಟಿಕೆ ಉಪ್ಪು, ಎರಡು ದೊಡ್ಡ ಚಮಚ ಹಾಲು, ವೆನಿಲ್ಲಾ ಇದ್ದರೆ ಸ್ವಲ್ಪ. ಇಷ್ಟೇ. ಬಾಯಲ್ಲೇ ನೆನಪಿಟ್ಟುಕೊಳ್ಳಬಹುದು.

ಈ ಕೇಕಿನ ಜೀವ ಬೆಣ್ಣೆಯ ಹದದಲ್ಲಿದೆ. ಫ್ರಿಜ್‌ನಿಂದ ತೆಗೆದ ಬೆಣ್ಣೆ ಗಟ್ಟಿ, ಅದರೊಳಗೆ ಗಾಳಿ ಸೇರುವುದಿಲ್ಲ. ಕರಗಿದ ಬೆಣ್ಣೆಯಲ್ಲಿ ಗಾಳಿ ನಿಲ್ಲುವುದಿಲ್ಲ. ಬೆರಳಿನಿಂದ ಒತ್ತಿದರೆ ಗುರುತು ಬೀಳಬೇಕು, ಆದರೆ ಬೆರಳು ಒಳಗೆ ಜಾರಿ ಹೋಗಬಾರದು, ಮೇಲೆ ಎಣ್ಣೆಯ ಹೊಳಪೂ ಕಾಣಬಾರದು. ಅದು ಹೆಚ್ಚುಕಡಿಮೆ 18ರಿಂದ 20 ಡಿಗ್ರಿ. ಅಡುಗೆಮನೆ ಬಿಸಿ ಇದ್ದರೆ ಹತ್ತು ನಿಮಿಷದಲ್ಲೇ ಈ ಹದ ದಾಟಿಬಿಡುತ್ತೆ, ಕಣ್ಣಿಟ್ಟಿರಿ.

ಸಕ್ಕರೆ ಹಾಕಿ ತಿರುವಲು ಶುರು ಮಾಡಿ. ಮೊದಲು ಒದ್ದೆ ಮರಳಿನ ಹಾಗಿರುತ್ತೆ, ಪಾತ್ರೆಗೆ ಸಕ್ಕರೆ ಕಾಳು ಉಜ್ಜುವ ಕರಕರ ಸದ್ದು ಕೇಳುತ್ತೆ. ಇಲ್ಲಿ ಸಕ್ಕರೆ ಬರೀ ಸಿಹಿಗಲ್ಲ. ಅದರ ಚೂಪು ಅಂಚುಗಳು ಬೆಣ್ಣೆಯೊಳಗೆ ಗಾಳಿಯನ್ನು ಕೊರೆದು ಸೇರಿಸುತ್ತವೆ. ಎರಡು ಮೂರು ನಿಮಿಷಕ್ಕೆ ಹಳದಿ ಬಣ್ಣ ತಿಳಿಯಾಗುತ್ತಾ ಬರುತ್ತೆ. ಬೀಟರ್‌ನಲ್ಲಿ ಐದು ನಿಮಿಷ, ಕೈಯಲ್ಲಾದರೆ ಹತ್ತು ನಿಮಿಷದ ಹೊತ್ತಿಗೆ ಕೆನೆಯಂತೆ ಬೆಳ್ಳಗಾಗಿ, ಹಗುರಾಗಿ, ಮೊದಲಿಗಿಂತ ಜಾಸ್ತಿ ಕಾಣುತ್ತೆ. ಸದ್ದೂ ಮೆತ್ತಗಾಗುತ್ತೆ. ಬಹಳ ಜನ ಎರಡೇ ನಿಮಿಷಕ್ಕೆ ಸಾಕು ಅಂತ ನಿಲ್ಲಿಸಿಬಿಡುತ್ತಾರೆ. ದಯವಿಟ್ಟು ನಿಲ್ಲಿಸಬೇಡಿ. ಬೇಕಿಂಗ್ ಪೌಡರ್ ಹೊಸ ಗುಳ್ಳೆ ಹುಟ್ಟಿಸುವುದಿಲ್ಲ, ನೀವು ಈಗ ಸೇರಿಸಿದ ಗುಳ್ಳೆಯನ್ನೇ ಅದು ದೊಡ್ಡದು ಮಾಡುವುದು.

ಮೊಟ್ಟೆ ತಣ್ಣಗಿದ್ದರೆ ಬೆಣ್ಣೆ ಒಡೆದು ಮೊಸರು ಮೊಸರಾಗುತ್ತೆ. ಹಾಗಾಗಿ ಒಡೆಯುವ ಮೊದಲು ಐದು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿಡಿ. ಒಂದೊಂದಾಗಿ ಹಾಕಿ, ಒಂದು ಪೂರ್ತಿ ಬೆರೆತ ಮೇಲೆ ಇನ್ನೊಂದು. ಆದರೂ ಒಡೆದ ಹಾಗೆ ಕಂಡರೆ ಒಂದು ಚಮಚ ಮೈದಾ ಸೇರಿಸಿ, ಸರಿಹೋಗುತ್ತೆ.

ಮೈದಾ, ಪೌಡರ್, ಉಪ್ಪು ಒಟ್ಟಿಗೆ ಜರಡಿ ಹಿಡಿದು ಎರಡು ಕಂತಿನಲ್ಲಿ ಹಾಕಿ. ಇಲ್ಲಿಂದ ಬೀಟರ್ ಬೇಡ, ಸ್ಪ್ಯಾಚುಲಾ ಸಾಕು. ಅಡಿಯಿಂದ ಎತ್ತಿ ಮೇಲೆ ಮಡಚುತ್ತಾ ಬನ್ನಿ. ಒಣ ಹಿಟ್ಟು ಕಾಣದಾದ ಕೂಡಲೇ ಕೈ ನಿಲ್ಲಿಸಿ. ಮೈದಾ ನೀರಿನ ಜೊತೆ ಸೇರಿ ಕಲಕಿದಷ್ಟೂ ಗ್ಲೂಟನ್ ಎಂಬ ಅಂಟು ಬಲವಾಗುತ್ತೆ. ಬ್ರೆಡ್‌ಗೆ ಅದು ಬೇಕು, ಅದಕ್ಕೇ ನಾದುತ್ತೇವೆ. ಕೇಕ್‌ಗೆ ಅದು ಜಾಸ್ತಿಯಾದರೆ ರಬ್ಬರ್ ಆಗುತ್ತೆ. ಕೊನೆಗೆ ಹಾಲು ಹಾಕಿ. ಸ್ಪ್ಯಾಚುಲಾ ಎತ್ತಿದರೆ ಹಿಟ್ಟು ನೀರಾಗಿ ಸುರಿಯಬಾರದು, ಒಂದು ಕ್ಷಣ ನಿಂತು ಧೊಪ್ ಅಂತ ಬೀಳಬೇಕು.

ಓವನ್ ಅನ್ನು ಕನಿಷ್ಠ ಹದಿನೈದು ಇಪ್ಪತ್ತು ನಿಮಿಷ ಮೊದಲೇ ಹಚ್ಚಿಟ್ಟಿರಬೇಕು. ದೀಪ ಆರಿತು ಅಂದ ಮಾತ್ರಕ್ಕೆ ಒಳಗಿನ ಗೋಡೆಗಳೂ ಕಾದಿವೆ ಅಂತಲ್ಲ. ಥರ್ಮಾಮೀಟರ್ 170 ತೋರಿಸಲಿ, ಗುಂಡಿ ಎಲ್ಲಿದೆ ಅಂತ ತಲೆಕೆಡಿಸಿಕೊಳ್ಳಬೇಡಿ. ಫ್ಯಾನ್ ಇರುವ ಓವನ್ ಆದರೆ ಇಪ್ಪತ್ತು ಡಿಗ್ರಿ ಕಡಿಮೆ. ಟಿನ್ ನಡುವಿನ ಹಂತದಲ್ಲಿರಲಿ. ಮೊದಲ ಇಪ್ಪತ್ತೈದು ನಿಮಿಷ ಬಾಗಿಲು ಮುಟ್ಟಬೇಡಿ. ಚಿಕ್ಕ ಓವನ್‌ನಲ್ಲಿ ಮೇಲಿನ ರಾಡ್ ಕೇಕಿಗೆ ಹತ್ತಿರ ಇರುತ್ತೆ, ಬಣ್ಣ ಬೇಗ ಬರುತ್ತೆ. ಬಣ್ಣ ನೋಡಿ ಬೆಂದಿದೆ ಅಂತ ಮೋಸಹೋಗಬೇಡಿ. ಅರ್ಧ ಗಂಟೆ ಕಳೆದ ಮೇಲೂ ನಡುವೆ ಹಸಿ ಇದ್ದು ಮೇಲೆ ಕಂದಾಗಿದ್ದರೆ ಫಾಯಿಲ್ ಒಂದನ್ನು ಸಡಿಲವಾಗಿ ಹೊದಿಸಿ. ಒಟ್ಟು ಮೂವತ್ತೈದರಿಂದ ನಲವತ್ತೈದು ನಿಮಿಷ ಹಿಡಿಯಬಹುದು. ನಡುವೆ ಕಡ್ಡಿ ಚುಚ್ಚಿದರೆ ಹಸಿ ಹಿಟ್ಟು ಅಂಟಬಾರದು, ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಹಿಂದಕ್ಕೆ ಚಿಮ್ಮಬೇಕು, ಅಂಚು ಟಿನ್ನಿನಿಂದ ಸ್ವಲ್ಪ ಬಿಟ್ಟುಕೊಂಡಿರಬೇಕು. ಮೂರೂ ಆದ ಮೇಲೆ ಹೊರಗೆ ತೆಗೆಯಿರಿ.

ಸೋಡಾ ಮತ್ತು ಪೌಡರ್ ಒಂದೇ ಅಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಅಲ್ಲ. ಅಡುಗೆ ಸೋಡಾ ಗುಳ್ಳೆ ಬಿಡಬೇಕಾದರೆ ಜೊತೆಗೆ ಹುಳಿ ಬೇಕು. ಮೊಸರು, ಮಜ್ಜಿಗೆ, ನಿಂಬೆರಸ ಯಾವುದಾದರೂ ಸರಿ. ಬೇಕಿಂಗ್ ಪೌಡರ್‌ನಲ್ಲಿ ಸೋಡಾ, ಒಣ ಹುಳಿಪುಡಿ ಎರಡೂ ಇರುತ್ತವೆ, ಒದ್ದೆಯಾದರೆ ಸಾಕು. ಈ ಪೌಡರ್‌ನ ಹಿಂದೆ ನನಗೆ ಬಹಳ ಇಷ್ಟವಾದ ಕಥೆಯಿದೆ. ಇಂಗ್ಲೆಂಡಿನ ಆಲ್ಫ್ರೆಡ್ ಬರ್ಡ್ ಎಂಬ ರಸಾಯನ ತಜ್ಞರ ಹೆಂಡತಿಗೆ ಯೀಸ್ಟ್ ಆಗಿಬರುತ್ತಿರಲಿಲ್ಲ. ಅವರು ತಿನ್ನಬಹುದಾದ ಬ್ರೆಡ್‌ಗೆಂದು 1843ರಲ್ಲಿ ಆತ ಇಂಥದ್ದೊಂದು ಪುಡಿ ತಯಾರಿಸಿದರು. ನಿಮ್ಮ ಡಬ್ಬಿ ಹಳೆಯದಾದರೆ ಅರ್ಧ ಚಮಚ ಪೌಡರನ್ನು ಬಿಸಿನೀರಿಗೆ ಹಾಕಿ. ಜೋರಾಗಿ ನೊರೆ ಉಕ್ಕದಿದ್ದರೆ ಹೊಸದು ತನ್ನಿ.

ಮೊಟ್ಟೆ ತಿನ್ನದ ಮನೆಯಾದರೆ ದಾರಿ ಬೇರೆ. ಮೈದಾ 190 ಗ್ರಾಂ, ಮೊಸರು 240, ಸಕ್ಕರೆ 170, ವಾಸನೆಯಿಲ್ಲದ ಎಣ್ಣೆ 110, ಸೋಡಾ ಅರ್ಧ ಟೀ ಚಮಚ, ಬೇಕಿಂಗ್ ಪೌಡರ್ ಒಂದು ಟೀ ಚಮಚ. ಇಲ್ಲಿ ಬೆಣ್ಣೆ ತಿರುವುವ ಕೆಲಸವೇ ಇಲ್ಲ. ಆದರೆ ಮೊಸರಿಗೆ ಸೋಡಾ ತಾಗಿದ ಕೂಡಲೇ ಗುಳ್ಳೆ ಏಳಲು ಶುರುವಾಗುತ್ತೆ. ಓವನ್ ಕಾದಿರಲಿ, ಟಿನ್ ಸಿದ್ಧವಾಗಿರಲಿ. ಆಮೇಲೆಯೇ ಕಲಸಿ, ತಡಮಾಡದೆ ಒಳಗಿಡಿ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ನನ್ನದರಲ್ಲಿ ಒಂದು ಪುಟ ಹೀಗಿದೆ: "ಒಳಗೆ 172. ಬೆಣ್ಣೆ ಮೆತ್ತಗಾಗಿತ್ತು, ಜಾಸ್ತಿ. 38 ನಿಮಿಷ. ಮೇಲೆ ಬಿರುಕಿಲ್ಲ. ಅಡಿಯಲ್ಲಿ ಸ್ವಲ್ಪ ದಟ್ಟ. ಮುಂದಿನ ಸಲ ಬೆಣ್ಣೆ ಬೇಗ ತೆಗೆಯಬಾರದು." ಇಷ್ಟು ಸಾಕು. ಮುಂದಿನ ಸಲ ಒಂದನ್ನೇ ಬದಲಿಸಿ. ಬೆಣ್ಣೆಯನ್ನೂ ಶಾಖವನ್ನೂ ಒಟ್ಟಿಗೆ ಬದಲಿಸಿದರೆ ಸರಿಯಾದದ್ದು ಯಾವುದರಿಂದ ಅಂತ ಗೊತ್ತಾಗುವುದಿಲ್ಲ.

ಈ ಕೇಕ್ ಕೈಗೆ ಹತ್ತಿದ ಮೇಲೆ ಬ್ರೆಡ್‌ಗೆ ಹೋಗಿ. ಅದು ಬೇರೆಯೇ ಲೋಕ, ಅಲ್ಲಿ ತಾಳ್ಮೆಯೇ ಮುಖ್ಯ. ಸದ್ಯಕ್ಕೆ ಒಂದು ಮಾತು ನೆನಪಿರಲಿ: ಯೀಸ್ಟ್ ಜೀವ ಇರುವ ವಸ್ತು. ಬಿಸಿ ಬಿಸಿ ನೀರು ಹಾಕಿದರೆ ಸತ್ತುಹೋಗುತ್ತೆ. ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟರೆ ಹಿತವಾಗಿ ಬೆಚ್ಚಗಿರಬೇಕು, ಅಷ್ಟೇ.

ಕೇಕ್ ಹೊರಗೆ ಬಂದ ಕೂಡಲೇ ಕತ್ತರಿಸಬೇಕು ಅನ್ನಿಸುತ್ತೆ, ಆ ಪರಿಮಳಕ್ಕೆ ಮನೆಯವರೆಲ್ಲ ಸುತ್ತ ಬಂದು ನಿಂತಿರುತ್ತಾರೆ. ಹತ್ತು ನಿಮಿಷ ಟಿನ್ನಿನಲ್ಲೇ ಬಿಡಿ, ಆಮೇಲೆ ಮಗುಚಿ ಜಾಲರಿಯ ಮೇಲೆ ಒಂದು ಗಂಟೆ ಇಡಿ. ಒಳಗಿನ ಹಬೆ ಹೊರಗೆ ಹೋಗಿ ತುಂಡು ನಿಲ್ಲುವುದು ಆಗಲೇ. ಈ ವಾರ ಮಾಡಿದರೆ ನಡುವಿನಿಂದ ಕತ್ತರಿಸಿದ ಒಂದು ತುಂಡಿನ ಫೋಟೋ ಹಾಕಿ, ಥರ್ಮಾಮೀಟರ್ ಎಷ್ಟು ತೋರಿಸಿತು ಅಂತಲೂ ಬರೆಯಿರಿ. ನೋಡಿ ಹೇಳುತ್ತೇನೆ.