ಸಂಪಾದಕರ ಉತ್ತರ: ‘ಸ್ವಲ್ಪ ಮಲಗಿ ಹೋಗೋಣ್ವಾ ಅಂದಿದ್ದ’

ಶಿರಸಿ ತಾಲೂಕಿನ ಓದುಗರೊಬ್ಬರು ಎಂಟು ಪುಟದ ಪತ್ರ ಬರೆದಿದ್ದಾರೆ. ಹೆಸರು, ಊರು ಬಿಟ್ಟು ಬೇಕಾದಷ್ಟನ್ನು ಮಾತ್ರ ಇಲ್ಲಿ ಕೊಟ್ಟಿದ್ದೇನೆ.

‘ಫೆಬ್ರವರಿಯಲ್ಲಿ ನಾನು, ನನ್ನ ಗೆಳೆಯ ಕುಮಟಾ ಕಡೆ ಯಕ್ಷಗಾನದ ಆಟ ನೋಡಲು ಹೋಗಿದ್ದೆವು. ಒಬ್ಬೊಬ್ಬರದು ಒಂದೊಂದು ಬೈಕು. ಒಂದನೇ ಕ್ಲಾಸಿನಿಂದ ಜೊತೆಗಿದ್ದವ ಅವನು. ಬೆಳಗಿನ ಜಾವ ಮಂಗಳ ಹಾಡಿ ಆಟ ಮುಗಿಯಿತು. ಅವನು “ಶಾಲೆ ಜಗಲಿ ಮೇಲೆ ಸ್ವಲ್ಪ ಮಲಗಿ ಹೋಗೋಣ್ವಾ?” ಅಂದ. ನಾನು “ಮನೆಗೆ ಹೋಗಿ ಮಲಗಿದ್ರಾಯ್ತು, ಬಾ ಮಾರಾಯ” ಅಂದೆ. ದೇವಿಮನೆ ಘಟ್ಟ ಹತ್ತುವಾಗ ನಾನು ಮುಂದೆ, ಅವನು ಹಿಂದೆ. ನನ್ನ ಕನ್ನಡಿಯಲ್ಲಿ ಅವನ ಹೆಡ್‌ಲೈಟ್ ಕಾಣುತ್ತಿತ್ತು. ಒಂದು ತಿರುವು ಕಳೆದ ಮೇಲೆ ಕಾಣಲಿಲ್ಲ. ಮುಂದಿನ ತಿರುವಿನಲ್ಲಿ ಕಂಡೀತು ಅಂತ ಹೋಗುತ್ತಲೇ ಇದ್ದೆ. ವಾಪಸ್ ಬಂದು ನೋಡಿದರೆ ಬೈಕು ರಸ್ತೆ ಬದಿಯ ಕಲ್ಲಿಗೆ ಬಡಿದು ಬಿದ್ದಿತ್ತು. ಹೆಲ್ಮೆಟ್ ಹಿಂದಿನ ಸೀಟಿಗೆ ಕಟ್ಟಿದ ಹಾಗೇ ಇತ್ತು. ಅದಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಮೂರು ಗಾಡಿಗಳು ನಿಲ್ಲಿಸದೆ ಹೋದವು. ನಾಲ್ಕನೆಯದು ಹಾಲಿನ ಗಾಡಿ, ಅವರು ಹತ್ತಿಸಿಕೊಂಡರು. ಆಸ್ಪತ್ರೆ ಮುಟ್ಟುವಾಗ ಉಸಿರು ಇರಲಿಲ್ಲ.

‘ವೈಕುಂಠ ಸಮಾರಾಧನೆಯ ದಿನ ಬಿಟ್ಟರೆ ಮತ್ತೆ ಅವನ ಮನೆಗೆ ಹೋಗಿಲ್ಲ. ಅವನ ಆಯಿಯ (ತಾಯಿಯ) ಎದುರು ನಿಲ್ಲಲು ಆಗುತ್ತಿಲ್ಲ. ನಮ್ಮ ಆಯಿ ನನ್ನ ಬೈಕಿನ ಕೀಲಿ ಅಡಗಿಸಿಟ್ಟಿದ್ದಾಳೆ. ಗೆಳೆಯರು ಆ ತಿರುವಿನಲ್ಲಿ ದೊಡ್ಡ ಬ್ಯಾನರ್ ಹಾಕಿ, ಬೈಕ್ ರ‍್ಯಾಲಿ ಮಾಡೋಣ ಅನ್ನುತ್ತಾರೆ. ಅವನ ಹೆಲ್ಮೆಟ್ ನನ್ನ ಹತ್ತಿರವೇ ಇದೆ. ಏನು ಮಾಡಲಿ? ಅವನನ್ನು ಕರೆದವನು ನಾನೇ ಅಲ್ವಾ?’

ಪ್ರಿಯ ತಮ್ಮಾ,

ನಿನಗೆ 24 ವರ್ಷ ಅಂತ ಬರೆದಿದ್ದೀಯ. ನನ್ನ ಮಗನಿಗಿಂತ ಒಂದು ವರ್ಷಕ್ಕೆ ಚಿಕ್ಕವನು. ಅದಕ್ಕೇ ‘ನೀನು’ ಅನ್ನುತ್ತಿದ್ದೇನೆ, ಬೇಜಾರು ಮಾಡ್ಕೋಬೇಡ.

ಎರಡು ಸಲ ಉತ್ತರ ಬರೆದು ಹರಿದು ಹಾಕಿದೆ. ಎರಡನ್ನೂ ‘ನಿನ್ನ ತಪ್ಪೇನೂ ಇಲ್ಲ’ ಅಂತಲೇ ಶುರು ಮಾಡಿದ್ದೆ. ಈ ಮಾತನ್ನು ಊರವರೆಲ್ಲ ನಿನಗೆ ಹೇಳಿರುತ್ತಾರೆ. ನೀನು ಅದನ್ನು ನಂಬಿದ್ದರೆ ನನಗೆ ಎಂಟು ಪುಟ ಬರೆಯುತ್ತಿರಲಿಲ್ಲ.

‘ಬಾ ಮಾರಾಯ’ ಅಂದದ್ದು ನಿಜ. ಲೆಕ್ಕ ತಪ್ಪಿತು. ಆಟ ಮುಗಿಸಿ ಬೈಕಿನಲ್ಲಿ ಮನೆಗೆ ಬಂದವರೆಲ್ಲ ಒಂದಲ್ಲ ಒಂದು ದಿನ ಇದೇ ಲೆಕ್ಕ ಹಾಕಿದವರೇ. ನಾನು ಎಷ್ಟು ಸಲ ಹಾಕಿದ್ದೇನೋ. ನಿಮ್ಮಿಬ್ಬರಲ್ಲಿ ಸರಿಯಾಗಿ ಯೋಚಿಸಿದವನು ಅವನು. ಆದರೆ ಆ ಹೊತ್ತಿಗೆ ನಿನ್ನ ತಲೆಯೂ ರಾತ್ರಿಯಿಡೀ ನಿದ್ದೆಗೆಟ್ಟಿತ್ತು. ನಿದ್ದೆ ಬಂದಿದೆಯೋ ಇಲ್ಲವೋ ಅಂತ ತೀರ್ಮಾನ ಮಾಡಬೇಕಾದದ್ದು ಆ ತಲೆಯೇ. ಎಲ್ಲರೂ ಎಡವುವುದು ಇಲ್ಲೇ. ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಇಲ್ಲಿ ರಸ್ತೆ ಗುಂಡಿಯ ಬಗ್ಗೆ ಮಾತಾಡುವಷ್ಟು ಯಾರೂ ನಿದ್ದೆಯ ಬಗ್ಗೆ ಮಾತಾಡುವುದಿಲ್ಲ.

ಹಿಂದಿನ ದಿನ ಬೆಳಿಗ್ಗೆ ಆರಕ್ಕೆ ಎದ್ದು, ಹಗಲೆಲ್ಲ ಅಡಿಕೆ ಒಣಗಿಸಿ, ಸಂಜೆ ಘಟ್ಟ ಇಳಿದಿದ್ದೀರಿ. ಮರುದಿನ ಐದೂವರೆಗೆ ಘಟ್ಟ ಹತ್ತುವಾಗ ಹೆಚ್ಚುಕಡಿಮೆ 24 ಗಂಟೆ ಎಚ್ಚರವಿದ್ದಂತಾಯಿತು. ಅಷ್ಟು ಹೊತ್ತು ಎಚ್ಚರವಿದ್ದವನ ಕೈ, ಕಣ್ಣಿನ ಚುರುಕು ಎಷ್ಟು ಕುಗ್ಗುತ್ತದೆ ಗೊತ್ತಾ? 100 ಮಿಲಿಲೀಟರ್ ರಕ್ತದಲ್ಲಿ 100 ಮಿಲಿಗ್ರಾಂ ಮದ್ಯ ಇರುವವನಷ್ಟು. ಪರೀಕ್ಷೆ ಮಾಡಿ ನೋಡಿದವರು ಹೇಳುವ ಲೆಕ್ಕ ಇದು. ಗಾಡಿ ಓಡಿಸಲು ನಮ್ಮ ಕಾನೂನಿನ ಮಿತಿ 30 ಮಿಲಿಗ್ರಾಂ. ‘ನಾವಿಬ್ಬರೂ ಒಂದು ಹನಿ ಕುಡಿಯುವವರಲ್ಲ’ ಅಂತ ಪತ್ರದಲ್ಲಿ ಎರಡು ಕಡೆ ಬರೆದಿದ್ದೀಯ. ಹೌದಪ್ಪ. ಕುಡಿದವನನ್ನಾದರೆ ಬೈಕ್ ಹತ್ತಲು ಬಿಡುತ್ತಿರಲಿಲ್ಲ ಅಲ್ವಾ? ನಿದ್ದೆಗೆಟ್ಟವನನ್ನು ಮಾತ್ರ ‘ಹುಷಾರಿ’ ಅಂತ ಹೇಳಿ ಕಳಿಸಿಬಿಡುತ್ತೇವೆ.

ಇನ್ನು ಹೊತ್ತಿನ ಮಾತು. ಬೆಳಗಿನ ಜಾವ ಮೈ ತಾನಾಗಿಯೇ ನಿದ್ದೆಗೆ ಎಳೆಯುವ ಸಮಯ. ಚಂಡೆ ಬಡಿಯುವ ತನಕ ಎಚ್ಚರ ಇರುತ್ತದೆ. ಚಂಡೆ ನಿಂತು, ಎಂಜಿನ್ನು ಒಂದೇ ಸಮ ಗುಂಯ್ ಅನ್ನಲು ಶುರುವಾದ ಮೇಲೆ ಕಣ್ಣು ತೆರೆದಿದ್ದರೂ ತಲೆ ಮಲಗಿರುತ್ತದೆ. ಮೂರು ಸೆಕೆಂಡು ಸಾಕು. ಗಂಟೆಗೆ 40 ಕಿ.ಮೀ. ವೇಗದಲ್ಲಿದ್ದರೆ ಅಷ್ಟರಲ್ಲಿ ಬೈಕು 33 ಮೀಟರ್ ಹೋಗಿರುತ್ತದೆ. ತೋಟದ ಲೆಕ್ಕದಲ್ಲಿ ಹೇಳುತ್ತೇನೆ. ಒಂಬತ್ತು ಅಡಿಗೊಂದು ಅಡಿಕೆ ಮರ ಅಂದರೆ ಹನ್ನೆರಡು ಮರ ದಾಟಿದ ಹಾಗೆ. ಕಣ್ಣು ಮುಚ್ಚಿ ಹನ್ನೆರಡು ಮರ. ದೇವಿಮನೆಯಲ್ಲಿ ಅಷ್ಟು ನೇರ ರಸ್ತೆ ಎಲ್ಲಿದೆ ಹೇಳು?

ಮುಖ ತೊಳೆಯುವುದು, ಹಾಡು ಹೇಳುವುದು, ತಂಡಿ ಗಾಳಿಗೆ ಮುಖ ಕೊಡುವುದು ಐದು ನಿಮಿಷದ ಆಟ ಅಷ್ಟೇ. ಚಹಾ ಕೆಲಸ ಮಾಡುತ್ತದೆ, ಆದರೆ ಕುಡಿದ ತಕ್ಷಣ ಅಲ್ಲ. ಇಪ್ಪತ್ತು ಮೂವತ್ತು ನಿಮಿಷ ಬೇಕು. ಹಾಗಾಗಿ ಚಹಾ ಕುಡಿದು, ಅಲ್ಲೇ ಇಪ್ಪತ್ತು ನಿಮಿಷ ಮಲಗಿ, ಎದ್ದು ಹೊರಡುವುದು ಒಳ್ಳೆಯ ದಾರಿ. ಅದಕ್ಕಿಂತ ಒಳ್ಳೆಯದು ಬಿಸಿಲೇರುವ ತನಕ ಮಲಗುವುದು, ಅಥವಾ ಬಸ್ಸು ಹಿಡಿಯುವುದು. ಕಾಲಮಿತಿ ಆಟ ಬಂದಾಗ ‘ಇದೆಂಥ ಆಟ, ಪ್ರಸಂಗ ಬಿಸಿಯಾಗುವಷ್ಟರಲ್ಲಿ ಮಂಗಳ’ ಅಂತ ಇದೇ ಪತ್ರಿಕೆಯಲ್ಲಿ ಗೊಣಗಿದವ ನಾನು. ಆಟದ ರುಚಿಯ ಮಟ್ಟಿಗೆ ಈಗಲೂ ಗೊಣಗುತ್ತೇನೆ. ಜನ ನಡುರಾತ್ರಿಯೊಳಗೆ ಮನೆ ಸೇರುತ್ತಾರಲ್ಲ, ಅಷ್ಟಕ್ಕೆ ಬಾಯಿ ಮುಚ್ಚಿಕೊಳ್ಳುತ್ತೇನೆ.

ಈಗ ಹೆಲ್ಮೆಟ್ಟಿನ ಮಾತು. ಗೀರು ಬೀಳದ ಹೆಲ್ಮೆಟ್ ಅಂತ ಬರೆದಿದ್ದೀಯಲ್ಲ, ಆ ಸಾಲು ಓದಿ ಪತ್ರ ಕೆಳಗಿಟ್ಟು ಹೊರಗೆ ಹೋಗಿ ಬಂದೆ.

2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಜನ. ಅವರಲ್ಲಿ 14,337 ಜನ ಹಿಂದೆ ಕೂತವರು. ಕೇಂದ್ರ ಸಾರಿಗೆ ಇಲಾಖೆಯ ಲೆಕ್ಕ ಇದು. ಹೆಲ್ಮೆಟ್ ಹಾಕಿಕೊಂಡರೆ ಸಾಯುವ ಸಂಭವ 42 ಶೇಕಡಾ, ತಲೆಗೆ ಪೆಟ್ಟಾಗುವ ಸಂಭವ 69 ಶೇಕಡಾ ಕಡಿಮೆ ಅಂತ ಹಲವು ದೇಶಗಳ ಅಧ್ಯಯನ ಒಟ್ಟು ಮಾಡಿ ನೋಡಿದವರು ಹೇಳುತ್ತಾರೆ. ನಮ್ಮ ಜಿಲ್ಲೆಯವರು ಇದಕ್ಕೆ ಇನ್ನೊಂದು ಲೆಕ್ಕ ಸೇರಿಸಿಕೊಳ್ಳಬೇಕು. ಪೆಟ್ಟಾದ ಮೊದಲ ಒಂದು ಗಂಟೆ ಅಮೂಲ್ಯ ಅಂತ ಡಾಕ್ಟರು ಹೇಳುತ್ತಾರೆ, ಕಾನೂನಿನಲ್ಲೂ ಹಾಗೇ ಬರೆದಿದೆ. ತಲೆಗೆ ದೊಡ್ಡ ಪೆಟ್ಟಾದರೆ ನಾವು ಓಡುವುದು ಹುಬ್ಬಳ್ಳಿಗೆ, ಇಲ್ಲಾ ಮಣಿಪಾಲ, ಮಂಗಳೂರಿಗೆ. ಶಿರಸಿಯಿಂದ ಹುಬ್ಬಳ್ಳಿಯೇ ನೂರು ಕಿಲೋಮೀಟರ್ ಆಜೂಬಾಜು. ಘಟ್ಟದಲ್ಲಿ ಫೋನಿಗೆ ಸಿಗ್ನಲ್ ಸಿಗುವಷ್ಟರಲ್ಲೇ ಆ ಗಂಟೆಯಲ್ಲಿ ಕಾಲು ಭಾಗ ಹೋಗಿರುತ್ತದೆ. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಅಂತ ನಾವೆಲ್ಲ ಕೂಗಿದ್ದೇವೆ, ಕೂಗುತ್ತಲೇ ಇರಬೇಕು. ಅದು ಬರುವ ತನಕ ಬೆಂಗಳೂರಿನವರ ತಲೆಗಿಂತ ನಮ್ಮ ತಲೆಗೆ ಹೆಲ್ಮೆಟ್ ಜಾಸ್ತಿ ಬೇಕು.

ಹಾಗಂತ ದಾರಿ ಬದಿಯ ಟೋಪಿ ಸಾಲದು. ಐಎಸ್‌ಐ ಗುರುತು ನೋಡು. ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ಬೇರೆಯಾಗಿ ಅಲ್ಲಾಡಬಾರದು. ಗದ್ದದ ಕೆಳಗಿನ ಪಟ್ಟಿ ‘ಟಕ್’ ಅನ್ನಬೇಕು. ಪಟ್ಟಿ ಹಾಕದ ಹೆಲ್ಮೆಟ್ ನಿನಗಿಂತ ಮೊದಲೇ ಹಾರಿ ಹೋಗುತ್ತದೆ. ಒಳಗಿನ ಥರ್ಮೋಕೋಲ್ ಪದರ ಒಂದೇ ಪೆಟ್ಟಿಗೆ ಇರುವುದು. ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ಟನ್ನು ತೊಳೆದು ಒರೆಸಿ ತಮ್ಮನಿಗೆ ಕೊಡಬೇಡ.

ಮೂರು ಗಾಡಿಗಳು ನಿಲ್ಲಿಸದೆ ಹೋದವು ಅಂದೆ. ಅವರ ಮೇಲೆ ನಿನಗೆ ಸಿಟ್ಟಿದೆ, ಇರಲಿ. ಪೊಲೀಸು, ಕೋರ್ಟು ಅಂತ ಹೆದರಿ ಹೋದವರೂ ಅವರಲ್ಲಿ ಇರಬಹುದು. ಇದನ್ನು ಓದುತ್ತಿರುವ ಉಳಿದವರಿಗೆ ಒಂದು ಮಾತು: 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿದೆ. ಒಳ್ಳೆ ಮನಸ್ಸಿನಿಂದ ಗಾಯಾಳುವಿಗೆ ಸಹಾಯ ಮಾಡಿದವರ ಮೇಲೆ ಕೇಸು ಹಾಕುವಂತಿಲ್ಲ. ಹೆಸರು, ವಿಳಾಸ ಕೊಡು ಅಂತ ಒತ್ತಾಯ ಮಾಡುವಂತಿಲ್ಲ. 108ಕ್ಕೋ 112ಕ್ಕೋ ಫೋನ್ ಮಾಡಿ. ರಕ್ತ ಸುರಿಯುವ ಕಡೆ ಬಟ್ಟೆ ಒತ್ತಿ ಹಿಡಿಯಿರಿ. ಬಾಯಿಗೆ ನೀರು ಹಾಕಬೇಡಿ. ಕುತ್ತಿಗೆ ತಿರುಚದಂತೆ ನೋಡಿಕೊಳ್ಳಿ. ಆ ಹಾಲಿನ ಗಾಡಿಯವರಿಗೆ ನನ್ನ ನಮಸ್ಕಾರ ತಿಳಿಸು.

ಬ್ಯಾನರ್ ವಿಷಯ. ಬೇಡ. ತಿರುವಿನಲ್ಲಿ ಹತ್ತಡಿ ಫ್ಲೆಕ್ಸ್ ಕಟ್ಟಿದರೆ ಎದುರು ಬರುವ ಗಾಡಿ ಕಾಣುವುದಿಲ್ಲ. ಗೆಳೆಯನ ಫೋಟೋ ಹಿಂದಿನಿಂದಲೇ ಇನ್ನೊಬ್ಬನ ಮೇಲೆ ಲಾರಿ ಬಂದೀತು. ರ‍್ಯಾಲಿಯೂ ಬೇಡ. ಐವತ್ತು ಬೈಕು, ಅರ್ಧ ಜನಕ್ಕೆ ಹೆಲ್ಮೆಟ್ ಇಲ್ಲ, ಹಾರ್ನು, ಶಿಳ್ಳೆ. ನೋಡಿದ್ದೇನೆ ನಾನು. ಅದೇ ಹುಡುಗರು ಒಂದು ಭಾನುವಾರ ಕತ್ತಿ ಹಿಡಿದು ಹೋಗಿ ಆ ತಿರುವಿನ ಒಳಬದಿಯ ಲಂಟಾನ, ಪೊದೆಗಳ ಹಿಂಡು ಸವರಿ ಬನ್ನಿ. ಬ್ಯಾನರಿನ ದುಡ್ಡಿನಲ್ಲಿ ಆ ಕಲ್ಲಿಗೆ ಹೊಳೆಯುವ ಪಟ್ಟಿ ಅಂಟಿಸಬಹುದಾ ಅಂತ ರಸ್ತೆಯವರನ್ನು ಕೇಳಿ.

ಮಳೆ ಹತ್ತಿರ ಬಂತು, ಹಾಗಾಗಿ ಎರಡು ಮಾತು. ಮೊದಲ ಮಳೆಗೆ ರಸ್ತೆಯ ಎಣ್ಣೆ, ಧೂಳು ಕಲಸಿ ಜಾರುತ್ತದೆ. ಘಟ್ಟದಲ್ಲಿ ನೆನೆದ ದರಕು (ತರಗೆಲೆ), ಕಾಮಗಾರಿಯ ಕೆಂಪು ರಾಡಿ. ಕೆಳಗೆ ಹೆದ್ದಾರಿಯಲ್ಲಿ ಮೀನು ಲಾರಿಯಿಂದ ಸೋರುವ ನೀರು. ವೇಗವನ್ನು ತಿರುವಿಗೆ ಮೊದಲೇ ಇಳಿಸು, ತಿರುವಿನೊಳಗೆ ಬ್ರೇಕ್ ಒತ್ತಬೇಡ. ಹಿಂದೆ ಕೂತವರು ಕೊಡೆ ಬಿಚ್ಚಿದರೆ ಬೈಕು ನಿಲ್ಲಿಸಿ ಇಳಿಸಿಬಿಡು, ಅತ್ತೆಯಾದರೂ ಸರಿ.

ಕೀಲಿ ಸದ್ಯ ಆಯಿಯ ಹತ್ತಿರವೇ ಇರಲಿ. ಅವಳಿಗೂ ನಿದ್ದೆ ಬರುತ್ತಿಲ್ಲ. ಮೇಲೆ ಬರೆದದ್ದನ್ನು ಅವಳಿಗೆ ಓದಿ ಹೇಳು. ಬೈಕಿಲ್ಲದೆ ನಮ್ಮ ಹಳ್ಳಿಗಳಲ್ಲಿ ಬದುಕು ನಡೆಯುವುದಿಲ್ಲ ಅಂತ ಅವಳಿಗೂ ಗೊತ್ತು. ಕೊಡುತ್ತಾಳೆ.

ಅವನ ಆಯಿಯ ಮಾತಿಗೆ ಬರುತ್ತೇನೆ. ಇಷ್ಟು ಹೊತ್ತು ಅದನ್ನೇ ಮುಂದೆ ಹಾಕುತ್ತಿದ್ದೆ.

1994ರಲ್ಲಿ ನನ್ನ ಗೆಳೆಯನೊಬ್ಬ ಕಾರವಾರದಿಂದ ಅಂಕೋಲೆಗೆ ಹೊರಟವನು ಬಿಣಗಾ ಘಟ್ಟದಲ್ಲಿ ಬಿದ್ದ. ಮೀನಿನ ನೀರು ಅಂತ ಬರೆದೆನಲ್ಲ, ಅದೇ. ಯೆಜ್ಡಿ ಬೈಕು. ಹೆಲ್ಮೆಟ್ ಅವನ ಹತ್ತಿರವೂ ಇರಲಿಲ್ಲ, ನನ್ನ ಹತ್ತಿರವೂ ಇರಲಿಲ್ಲ. ಹೊರಡುವ ಅರ್ಧ ಗಂಟೆ ಮೊದಲು ನನ್ನ ಜೊತೆಗಿದ್ದ. ‘ನಾಳೆ ಹೋಗು’ ಅಂತ ನಾನು ಹೇಳಬಹುದಿತ್ತು. ಇದೇ ಕಾರಣಕ್ಕೆ ಹನ್ನೊಂದು ವರ್ಷ ಅವನ ಮನೆಗೆ ಕಾಲಿಡಲಿಲ್ಲ. ಬಸ್ಸಿನಲ್ಲಿ ಆ ಊರು ಬಂದಾಗ ಈ ಕಡೆ ಕಿಟಕಿಗೆ ಮುಖ ತಿರುಗಿಸುತ್ತಿದ್ದೆ.

2005ರಲ್ಲಿ ಹೋದೆ. ಅವನ ತಾಯಿ ಗುರುತು ಹಿಡಿದರು. ಬೈಯಲಿಲ್ಲ, ಅಳಲಿಲ್ಲ. ಚಹಾ ಕೊಟ್ಟು ಎದುರಿಗೆ ಕೂತು ಒಂದೇ ಮಾತು ಕೇಳಿದರು. ‘ಆ ದಿನ ಅವ ಊಟ ಮಾಡಿದ್ನಾ?’

ಮಾಡಿದ್ದ. ಖಾನಾವಳಿಯಲ್ಲಿ ನನ್ನ ಎದುರೇ ಕೂತು ಬಂಗಡೆ ಸಾರಿನಲ್ಲಿ ಎರಡು ಸಲ ಅನ್ನ ಹಾಕಿಸಿಕೊಂಡು, ಕೊನೆಗೆ ನನ್ನ ಲೋಟದ ಸೋಲ್‌ಕಡಿಯನ್ನೂ ಕುಡಿದಿದ್ದ. ಹೇಳಿದೆ. ಅವರು ‘ಎರಡು ಸಲನಾ?’ ಅಂತ ಮತ್ತೆ ಕೇಳಿದರು. ಇದು ಗೊತ್ತಿದ್ದವನು ನಾನೊಬ್ಬನೇ. ಹನ್ನೊಂದು ವರ್ಷ ಅವರನ್ನು ಕಾಯಿಸಿದ್ದೆ.

ಆ ರಾತ್ರಿ ನಿನ್ನ ಗೆಳೆಯ ಯಾವ ವೇಷಕ್ಕೆ ಚಪ್ಪಾಳೆ ತಟ್ಟಿದ, ಏನು ತಿಂದ, ಯಾವ ಮಾತಿಗೆ ನಕ್ಕ ಅನ್ನುವುದು ನಿನಗಲ್ಲದೆ ಯಾರಿಗೂ ಗೊತ್ತಿಲ್ಲ. ‘ಮಲಗಿ ಹೋಗೋಣ’ ಅಂದಿದ್ದು ಕೂಡ. ಅದನ್ನು ಯಾವಾಗ ಹೇಳಬೇಕು ಅನ್ನುವುದು ನಿನಗೆ ಬಿಟ್ಟಿದ್ದು. ಮೊದಲ ದಿನವೇ ಹೇಳಬೇಕಾಗಿಲ್ಲ.

ಬರಿಗೈಲಿ ಹೋಗಲು ಮುಜುಗರವಾದರೆ ಒಂದು ಕೆಲಸ ಇದೆ. ಬೈಕು ಅವನ ಹೆಸರಿನಲ್ಲೇ ಇತ್ತಾ, ಲೈಸೆನ್ಸ್ ಚಾಲ್ತಿಯಲ್ಲಿತ್ತಾ, ವಿಮೆಯಲ್ಲಿ ಮಾಲೀಕ-ಚಾಲಕನ ಅಪಘಾತ ವಿಮೆ ಸೇರಿತ್ತಾ ನೋಡು. ಇದ್ದರೆ ಮನೆಯವರಿಗೆ 15 ಲಕ್ಷ ರೂಪಾಯಿ ಬರುತ್ತದೆ. ತಾನೇ ಬಿದ್ದ ಅಪಘಾತಕ್ಕೆ ಏನೂ ಸಿಗುವುದಿಲ್ಲ ಅಂತ ಎಷ್ಟೋ ಮನೆಯವರು ಕಾಗದ ತೆಗೆದೂ ನೋಡಿರುವುದಿಲ್ಲ. ಆ ಓಡಾಟ ಅವನ ಅಪ್ಪನ ಕೈಯಲ್ಲಿ ಆಗಲಿಕ್ಕಿಲ್ಲ. ನೀನು ಮಾಡು.

ಹೆಲ್ಮೆಟ್ ತೆಗೆದುಕೊಂಡು ಹೋಗು. ಅದು ಆ ಮನೆಯದು. ಅವರು ಇಟ್ಟುಕೊಂಡರೆ ಸರಿ. ‘ನೀನೇ ಹಾಕ್ಕೋ ತಮಾ’ ಅಂದರೆ ತಲೆಗೆ ಸರಿಯಾಗುತ್ತದಾ ನೋಡಿ ಹಾಕಿಕೋ. ಹಗಲು ಹೊತ್ತಿನಲ್ಲಿ ಹೋಗು, ಬಸ್ಸಿಗೆ ಹೋಗು. ಆಸರಿಗೆ ಅಂತ ಕುಡಿಯಲು ಕೊಟ್ಟರೆ ಬೇಡ ಅನ್ನಬೇಡ.

ಹೋಗಿ ಬಂದ ಮೇಲೆ ಒಂದು ಕಾರ್ಡು ಹಾಕು.

ನಿನ್ನ
ಸಂಪಾದಕ