ಹಾರ್ಮೋನ್ ತಗೊಂಡರೂ ಗಡ್ಡ ಯಾಕೆ ಹೋಗಲ್ಲ?

ಟ್ರಾನ್ಸ್ ಮಹಿಳೆಯರಿಗೆ ಹಾರ್ಮೋನ್‌ನಿಂದ ಮೈಕೂದಲು ತೆಳುವಾಗುತ್ತದೆ, ಆದರೆ ಗಡ್ಡ ಹೋಗುವುದಿಲ್ಲ. ಹರೆಯದಲ್ಲಿ ಒಮ್ಮೆ ಗಟ್ಟಿಯಾದ ಗಡ್ಡದ ಬೇರು ಮತ್ತೆ ನವಿರಾಗುವುದು ಕಷ್ಟ. ಲೇಸರ್ ಅಥವಾ ಎಲೆಕ್ಟ್ರಾಲಿಸಿಸ್ (ಕರೆಂಟ್ ಹರಿಸಿ ಕೂದಲಿನ ಬೇರು ನಾಶ ಮಾಡುವುದು) ಬೇಕು.

ಕೂದಲಿನ ಕಪ್ಪು ಬಣ್ಣ ಲೇಸರ್ ಬೆಳಕನ್ನು ಹೀರಿ ಬಿಸಿಯಾಗುತ್ತದೆ, ಆ ಬಿಸಿಗೆ ಬೇರು ಸುಡುತ್ತದೆ. ನಮ್ಮ ಕಂದು ಚರ್ಮದಲ್ಲೂ ಅದೇ ಬಣ್ಣ ಇದೆ ಅಲ್ವಾ? ಹಾಗಾಗಿ ಚರ್ಮವೂ ಸುಡಬಹುದು. ಅದಕ್ಕೇ 1064 ನ್ಯಾನೊಮೀಟರ್ ತರಂಗಾಂತರದ ಎನ್‌ಡಿ-ಯಾಗ್ ಎಂಬ ಬಗೆಯ ಲೇಸರ್ ಇದೆಯಾ ಎಂದು ಕ್ಲಿನಿಕ್‌ನಲ್ಲಿ ಕೇಳಿ. ಅದು ಚರ್ಮದ ಮೇಲ್ಪದರ ದಾಟಿ ಆಳಕ್ಕೆ ಇಳಿಯುತ್ತದೆ, ಸುಟ್ಟ ಕಲೆಯ ಭಯ ಕಡಿಮೆ.

ಬಿಳಿ ಕೂದಲಿಗೆ ಲೇಸರ್ ನಾಟುವುದಿಲ್ಲ. ಅಲ್ಲಿ ಎಲೆಕ್ಟ್ರಾಲಿಸಿಸ್ ಒಂದೇ ದಾರಿ: ಒಂದೊಂದು ಕೂದಲಿನ ಬುಡಕ್ಕೂ ನವಿರಾದ ಸೂಜಿ ಇಳಿಸಿ ಕರೆಂಟ್ ಹರಿಸುತ್ತಾರೆ. ನೋವು, ಸಮಯ ಎರಡೂ ಜಾಸ್ತಿ.

ದಯವಿಟ್ಟು ಲೇಸರ್‌ಗೆ ಮುಂಚೆ ಚಿಮಟದಲ್ಲಿ ಕೀಳಬೇಡಿ, ಶೇವ್ ಮಾಡಿ. ಬೇರು ಒಳಗಿದ್ದರೆ ತಾನೇ ಸುಡುವುದು.