ಉಣ್ಣೆ ಜ್ವರ: ರಿಪೋರ್ಟಿನಲ್ಲಿ 1:80 ಬಂದರೆ ಏನರ್ಥ?

ಪ್ರಶ್ನೆ: ನಾವು ಮದ್ದೂರು ತಾಲ್ಲೂಕಿನವರು. ಎರಡು ಸೀಮೆಹಸು ಇವೆ, ಮೈತುಂಬ ಉಣ್ಣೆ ಹುಳು. ಅಮ್ಮನಿಗೆ ಎಂಟು ದಿನದಿಂದ ಜ್ವರ, ತಲೆನೋವು. ನಿನ್ನೆಯಿಂದ ಅಂಗೈ, ಅಂಗಾಲಲ್ಲಿ ಕೆಂಪು ಕಲೆಗಳು. ಡೆಂಗಿ, ಮಲೇರಿಯಾ ಇಲ್ಲ ಎಂದರು. ಐದನೇ ದಿನ ಮಾಡಿಸಿದ ವೀಲ್-ಫೆಲಿಕ್ಸ್ ಪರೀಕ್ಷೆಯಲ್ಲಿ ಒಎಕ್ಸ್-19 1:80 ಬಂದಿದೆ. ಕಾಯಿಲೆ ಇದೆಯೋ ಇಲ್ಲವೋ? ಲೈಮ್ ಟೆಸ್ಟ್ ಕೂಡ ಮಾಡಿಸಬೇಕೆ? ಹಸುವಿನ ಉಣ್ಣೆಯನ್ನೇ ಲ್ಯಾಬಿಗೆ ಕೊಡಬಹುದೆ?

ಉತ್ತರ: ರಿಪೋರ್ಟಿನ ಮಾತು ಆಮೇಲೆ. ಜ್ವರದ ಜೊತೆ ಅಂಗೈ, ಅಂಗಾಲಲ್ಲಿ ಕಲೆ ಎದ್ದಿದೆ ಎಂದರೆ ಇವತ್ತೇ ಅಮ್ಮನನ್ನು ವೈದ್ಯರ ಬಳಿ ಕರೆದುಕೊಂಡು ಹೋಗಿ. ಮನೆಯಲ್ಲಿ ಉಣ್ಣೆ ಇರುವ ದನಗಳಿವೆ ಎಂಬುದನ್ನು ನೀವಾಗಿಯೇ ಹೇಳಿ, ಅವರು ಕೇಳಲಿ ಎಂದು ಕಾಯಬೇಡಿ. ಇಂಥ ಲಕ್ಷಣಕ್ಕೆ ಮೊದಲು ನೆನಪಾಗುವುದು ಉಣ್ಣೆಯಿಂದ ಬರುವ ಟೈಫಸ್ ಜ್ವರ; ಇದು ಟೈಫಾಯಿಡ್ ಅಲ್ಲ. ಅದಕ್ಕೆ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆ ಇದೆ. ಸಂಶಯ ಬಲವಾಗಿದ್ದರೆ ವೈದ್ಯರು ರಿಪೋರ್ಟಿಗೆ ಕಾಯದೆ ಅದನ್ನು ಶುರುಮಾಡುತ್ತಾರೆ, ಹಾಗೆ ಮಾಡುವುದೇ ಸರಿ. ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಜ್ವರ ಇಳಿಯುತ್ತದೆ.

ಇನ್ನು 1:80. ವೀಲ್-ಫೆಲಿಕ್ಸ್ 1916ರಷ್ಟು ಹಳೆಯ ಪರೀಕ್ಷೆ. ಅದು ಟೈಫಸ್ ರೋಗಾಣುವನ್ನು ಹುಡುಕುವುದೇ ಇಲ್ಲ. ಆ ರೋಗಾಣುವಿನ ವಿರುದ್ಧ ಮೈಯಲ್ಲಿ ಹುಟ್ಟುವ ಪ್ರತಿಕಾಯಗಳು ಪ್ರೋಟಿಯಸ್ ಎಂಬ ಬೇರೆಯೇ ಬ್ಯಾಕ್ಟೀರಿಯಾಕ್ಕೂ ಅಂಟಿಕೊಳ್ಳುತ್ತವೆ. ಒಎಕ್ಸ್-19 ಎಂಬುದು ಅದರ ಒಂದು ತಳಿ. ಅಮ್ಮನ ಸೀರಂ, ಅಂದರೆ ರಕ್ತದ ತಿಳಿನೀರನ್ನು 80 ಪಟ್ಟು ತೆಳುಮಾಡಿದ ಮೇಲೂ ಪ್ರೋಟಿಯಸ್ ಗುಂಪುಗಟ್ಟಿತು, ಅಷ್ಟೇ ಇದರರ್ಥ. ಸಂಶಯ ಪಡಲು ಇಷ್ಟು ಸಾಕು, ತೀರ್ಮಾನಕ್ಕೆ ಸಾಲದು. ಆರೋಗ್ಯವಂತರಲ್ಲೂ ಕೆಲವೊಮ್ಮೆ ಇಷ್ಟು ಕಾಣುತ್ತದೆ. ಅಲ್ಲದೆ ನೀವು ರಕ್ತ ಕೊಟ್ಟದ್ದು ಐದನೇ ದಿನ; ಪ್ರತಿಕಾಯ ಏಳುವುದೇ ಮೊದಲ ವಾರದ ಕೊನೆಗೆ. ಎರಡು ವಾರ ಬಿಟ್ಟು ಅದೇ ಲ್ಯಾಬಿನಲ್ಲಿ ಮತ್ತೆ ಮಾಡಿಸಿದಾಗ 1:320 ಬಂದರೆ, ಅಂದರೆ ನಾಲ್ಕು ಪಟ್ಟು ಏರಿದ್ದರೆ, ಆಗ ನಂಬಬಹುದು. ಸೋಂಕಿನ ಮೊದಲಲ್ಲಿ ಹುಟ್ಟುವ ಪ್ರತಿಕಾಯವನ್ನು (ಐಜಿಎಂ) ಹುಡುಕುವ ಐಜಿಎಂ ಎಲೈಸಾ ಎಂಬ ರಕ್ತಪರೀಕ್ಷೆ ಇದಕ್ಕಿಂತ ವಿಶ್ವಾಸಾರ್ಹ. ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ವಿಚಾರಿಸಿ. ರಕ್ತ ಕೊಡುವಾಗ ಜ್ವರ ಶುರುವಾಗಿ ಎಷ್ಟನೇ ದಿನ ಎಂಬುದನ್ನು ಚೀಟಿಯಲ್ಲಿ ಬರೆಸಿ. ಎಷ್ಟೋ ಚೀಟಿಗಳಲ್ಲಿ ಆ ಜಾಗ ಖಾಲಿ ಇರುತ್ತದೆ, ನನಗೆ ನಿಜಕ್ಕೂ ಬೇಸರವಾಗುತ್ತದೆ. ದಿನ ಗೊತ್ತಿಲ್ಲದಿದ್ದರೆ ನೆಗೆಟಿವ್ ಎಂಬ ಮಾತಿಗೆ ಬೆಲೆಯೇ ಇಲ್ಲ.

ಒಂದು ಕೆಲಸ ಮನೆಯಲ್ಲೇ ಮಾಡಿ. ಕಂಕುಳು, ತೊಡೆಸಂದು, ಎದೆಯ ಕೆಳಗೆ ಬೀಡಿ ಸುಟ್ಟಂಥ ಕಪ್ಪು ಹಕ್ಕಳೆ ಇದೆಯೇ ನೋಡಿ. ಟೈಫಸ್‌ನ ಇನ್ನೊಂದು ಬಗೆಯಾದ ಸ್ಕ್ರಬ್ ಟೈಫಸ್‌ನಲ್ಲಿ ಇದು ಹೆಚ್ಚು. ಅದನ್ನು ಹರಡುವುದು ಉಣ್ಣೆಯಲ್ಲ, ಪೊದೆಯಲ್ಲಿರುವ ನುಸಿಯ ಮರಿ. ಆ ಹಕ್ಕಳೆಯ ಚೂರಿನಿಂದಲೇ ಪಿಸಿಆರ್, ಅಂದರೆ ರೋಗಾಣುವಿನ ವಂಶವಾಹಿಯನ್ನೇ ಹುಡುಕುವ ಪರೀಕ್ಷೆ, ಮಾಡಬಹುದು.

ಲೈಮ್ ಎಂಬುದು ಉಣ್ಣೆಯಿಂದಲೇ ಬರುವ ಇನ್ನೊಂದು ಕಾಯಿಲೆ; ಅದರ ಟೆಸ್ಟ್ ಸದ್ಯಕ್ಕೆ ಬೇಡ. ನಮ್ಮ ಕಡೆ ಅದು ಬಲು ಅಪರೂಪ, ಸುಳ್ಳು ಪಾಸಿಟಿವ್ ಬಂದು ಸುಮ್ಮನೆ ದಿಗಿಲು. ಉಣ್ಣೆಯಿಂದಲೇ ಹರಡುವ ಮಂಗನ ಕಾಯಿಲೆಯ ಪರೀಕ್ಷೆ ಬೇಕಾಗುವುದು ಇತ್ತೀಚೆಗೆ ಮಲೆನಾಡಿಗೋ ಬಂಡೀಪುರದ ಕಾಡಂಚಿಗೋ ಹೋಗಿ ಬಂದಿದ್ದರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಕಾಣಿಸಿಕೊಂಡ ಆ ವೈರಸ್ 2012ರಲ್ಲಿ ಬಂಡೀಪುರದಲ್ಲೂ ಸಿಕ್ಕಿತು. ಅದಕ್ಕೆ ಮೊದಲ ದಿನಗಳಲ್ಲಿ ಪಿಸಿಆರ್, ಆಮೇಲೆ ಐಜಿಎಂ.

ಉಣ್ಣೆಯನ್ನು ಲ್ಯಾಬಿಗೆ ಕೊಟ್ಟು ಪ್ರಯೋಜನವಿಲ್ಲ. ಅದರಲ್ಲಿ ರೋಗಾಣು ಸಿಕ್ಕರೂ ಅಮ್ಮನಿಗೆ ತಗುಲಿದೆ ಎಂದಾಗದು. ಹಸುವಿಗೂ ಜ್ವರವಿದ್ದರೆ ಪಶುವೈದ್ಯರು ರಕ್ತದ ಲೇಪ ತೆಗೆದು ಥೈಲೇರಿಯಾ ಎಂಬ, ಉಣ್ಣೆಯಿಂದ ಬರುವ ಪರಾವಲಂಬಿ ಇದೆಯೇ ನೋಡುತ್ತಾರೆ. ಅದು ಮನುಷ್ಯರಿಗೆ ಬರುವುದಿಲ್ಲ. ಆದರೆ ಉಣ್ಣೆ ಕಿತ್ತು ಉಗುರಲ್ಲಿ ಕುಟ್ಟುವ ರೂಢಿ ಇದ್ದರೆ ಇವತ್ತೇ ಬಿಟ್ಟುಬಿಡಿ. ಚಿಮಟದಿಂದ ತೆಗೆದು ಸೋಪಿನ ನೀರಿಗೆ ಹಾಕಿ.